ಗೋಪಮ್ಮನ ಬೆರ್ಚಪ್ಪ

“ಒಡ್ಡಿನ ಮ್ಯಾಲಿಂದನ ನೋಡಿ ಹೋಗ್ರಿ ಯವ್ವಾ. ಆ ಗದ್ದ್ಯಾಗ ಮಾತ್ರ ಇಳೀಬ್ಯಾಡ್ರಿ,” ಎಂದ ಕಾಲುವೆ ನೀರು ಕಾಯುವ ಮುದುಕ ಬೂದೆಪ್ಪ.

ನಾಗವೇಣಿ ನಕ್ಕಳು. ಬೆಳೆ ಸಮೀಕ್ಷೆಗೆಂದು ರಾಯಚೂರಿನಿಂದ ಮಾನ್ವಿ ಕಡೆಗೆ ಹೊಸದಾಗಿ ಬಂದವಳು. ಹೊಲದ ಗಡಿಯೊಳಗೆ ಕಾಲಿಡದೆ ಅವಳ ಮೊಬೈಲಿನ ಆ್ಯಪು ಫೋಟೊ ಒಪ್ಪುತ್ತಿರಲಿಲ್ಲ. ಅದಕ್ಕೆ ಮಾಟವೂ ಗೊತ್ತಿಲ್ಲ, ಮಂತ್ರವೂ ಗೊತ್ತಿಲ್ಲ. ಹಿಂದೆ ಬಂದವರೆಲ್ಲ ಈ ಗದ್ದೆಯನ್ನು ಬಿಟ್ಟೇ ಹೋಗಿದ್ದರು. ಇದೊಂದು ಮುಗಿದರೆ ಸಂಜೆಯ ಬಸ್ಸು ಸಿಗುತ್ತದೆ. ಅತ್ತೆಯ ಹತ್ತಿರ ಬಿಟ್ಟುಬಂದ ಮಗಳು ಶ್ರಾವಣಿಯ ಮುಖ ನೋಡದೆ ವಾರವಾಗಿತ್ತು. ಅವಳ ಜೀವವೆಲ್ಲ ಅಲ್ಲಿತ್ತು.

“ಯಾಕ ಯಪ್ಪಾ, ದೆವ್ವ ಹಿಡೀತದೇನು?”

ಬೂದೆಪ್ಪ ನಗಲಿಲ್ಲ. “ಈ ಗದ್ದಿ ಗೋಪಮ್ಮಂದು. ಆಕಿ ಕೂಸು ಇಲ್ಲೇ ಕಾಲುವ್ಯಾಗ ಬಿತ್ತು. ಆಕಿ ಕೈ ಬೀಸಿ ಬೀಸಿ ಕೂಗಿದ್ಲು. ರಸ್ತಿ ಮ್ಯಾಲಿನ ಮಂದಿ, ಗುಬ್ಬಿ ಓಡಸಾಕತ್ತಾಳ ಅಂತ ನೋಡಿಕೊಂತ ಹೋದ್ರು. ಒಬ್ರೂ ಹತ್ರ ಬರ್ಲಿಲ್ಲ. ಕೂಸು ಉಳೀಲಿಲ್ಲ. ಆಮ್ಯಾಲೆ ಆಕಿ ತನ್ನ ಸೀರಿ ಉಡಿಸಿ, ಏನೇನೋ ಮಾಡಿಸಿ, ಆ ಬೆರ್ಚಪ್ಪನ್ನ ನಟ್ಟು ಹೋದ್ಲು. ದೂರ ನಿಂತು ನೋಡಿದ್ರಲ್ಲ, ಇನ್ನ ದೂರದಿಂದನ ನೋಡ್ರಿ ಅಂದ್ಲು.”

ಪಾಪ ಎನಿಸಿತು ನಾಗವೇಣಿಗೆ. ಭಯ ಮಾತ್ರ ಆಗಲಿಲ್ಲ. ಚಪ್ಪಲಿ ಒಡ್ಡಿನ ಮೇಲೆ ಬಿಟ್ಟು ಕೆಸರಿಗೆ ಇಳಿದಳು.

ಉದುರಿದ ಕಾಳಿನಿಂದ ತಾನಾಗಿ ಬೆಳೆದ ಭತ್ತ ತೆನೆ ಕಟ್ಟಿತ್ತು. ಕೊಳೆತ ನೀರು, ಪಕ್ಕದ ಗದ್ದೆಗೆ ಹೊಡೆದ ಔಷಧಿ, ಎರಡೂ ಕೂಡಿದ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಒಡ್ಡಿನಿಂದ ನೋಡಿದಾಗ ಗದ್ದೆಯ ನಡುವೆ ನಿಂತದ್ದು ಬೆದರುಬೊಂಬೆಯೇ ಆಗಿತ್ತು. ಸ್ವಲ್ಪ ಮುಂದೆ ಹೋದಾಗ ಹಸಿರು ಸೀರೆಯ ಹೆಂಗಸಾಯಿತು. ಇನ್ನೂ ಮುಂದೆ ಹೋದಾಗ ಅದರ ಕೈ ಬೀಸುತ್ತಿತ್ತು. ಗಾಳಿ ಇರಲಿಲ್ಲ. ಕಪ್ಪೆಗಳು ಒಟ್ಟಿಗೆ ಸುಮ್ಮನಾದವು.

ಯಾರೋ ಕರೆಯುತ್ತಿದ್ದಾರೆ ಎಂದುಕೊಂಡು ಅವಳು ಓಡಿದಳು. ಹತ್ತಿರವಾಯಿತು. ಹೆಂಗಸಲ್ಲ. ಹುಲ್ಲು. ಅರಿಶಿನ ಬಳಿದ ಮಡಕೆ ತಲೆ. ಕಣ್ಣಿಲ್ಲ. ಮೂಗಿಲ್ಲ. ಕೊರಳಿಗೆ ಗಂಟು ಹಾಕಿದ ಸಣ್ಣ ಅಂಗಿ. ಆ ಅಂಗಿ ಒದ್ದೆ. ನೀರು ತೊಟ್ಟಿಕ್ಕುತ್ತಿತ್ತು. ಕೈ ನಿಂತಿತು. ಮಡಕೆ ಅವಳ ಕಡೆ ತಿರುಗಿತು.

ಬಿದ್ದಳು. ಎದ್ದು ಹಿಂದಕ್ಕೆ ಓಡಿದಳು. ಒಡ್ಡಿನ ಮೇಲೆ ಬೂದೆಪ್ಪ ಬಾಗಿ ಕೈ ಚಾಚಿದ್ದ. ಅವನ ಬಿಳಿ ಮೀಸೆ, ಗಾಬರಿಯ ಕಣ್ಣು, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಆ ಕೈ ಹಿಡಿದು ಮೇಲೆ ಬಂದಳು. ಅಂಗೈಯಲ್ಲಿ ಹುಲ್ಲು ಚುಚ್ಚಿತು. ತಲೆ ಎತ್ತಿದರೆ ರುಮಾಲಿನ ಕೆಳಗೆ ಬರೀ ಹುಲ್ಲು.

“ಏನಾತು ಯವ್ವಾ?” ಎಂದಿತು ಹುಲ್ಲು, ಬೂದೆಪ್ಪನ ದನಿಯಲ್ಲಿ.

ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟದ್ದೂ ಹುಲ್ಲೇ. ಅವಳು ಕಿರುಚಲಿಲ್ಲ. ರಾಯಚೂರಿನವರೆಗೂ ಕಿಟಕಿಯ ಹೊರಗೆ, ದೂರದ ಹೊಲಗಳಲ್ಲಿದ್ದ ಮನುಷ್ಯರನ್ನೇ ನೋಡುತ್ತ ಕೂತಳು. ಮೊಬೈಲಿನಲ್ಲಿದ್ದ ಮಗಳ ಫೋಟೊ ತೆರೆದು ನೋಡುವ ಧೈರ್ಯವಾಗಲಿಲ್ಲ.

ಓಣಿಯ ತುದಿಯಲ್ಲಿ ಶ್ರಾವಣಿ ನಿಂತಿದ್ದಳು. ಅವಳದೇ ಮುಖ, ಅದೇ ಗಲ್ಲದ ಗುಳಿ. “ಅವ್ವಾ” ಎಂದು ಓಡಿಬಂದಳು. ಗುಳಿ ಮಸುಕಾಯಿತು. ಕಣ್ಣುಗಳು ಅಳಿಸಿಹೋದವು. ತೋಳಿಗೆ ಬಂದು ಬಿದ್ದದ್ದು ಫ್ರಾಕು ತೊಟ್ಟ ಹುಲ್ಲಿನ ಕಟ್ಟು. ನಾಗವೇಣಿ ಕಣ್ಣು ಮುಚ್ಚಿ ಅಪ್ಪಿಕೊಂಡಳು. ಹಸಿ ಹುಲ್ಲಿನ ವಾಸನೆ. ಅಂಗೈಯಡಿ ಸರಸರ ಸದ್ದು. ಅವಳ ಕೈಗಳು ತಾವಾಗಿಯೇ ಮಗುವನ್ನು ದೂಡಿದವು.

ಡಾಕ್ಟರು ಕಣ್ಣಿಗೆ ಏನೂ ಆಗಿಲ್ಲ ಎಂದರು. ಅತ್ತೆ ಹರಕೆ ಹೊತ್ತರು. ಗೋಪಮ್ಮ ಎಲ್ಲಿ ಹೋದಳೆಂದು ಯಾರಿಗೂ ತಿಳಿಯಲಿಲ್ಲ. ಮಕ್ಕಳು ಯಾವುದಕ್ಕಾದರೂ ಬೇಗ ಹೊಂದಿಕೊಳ್ಳುತ್ತವೆ. ಹತ್ತಿರ ಹೋದರೆ ಅವ್ವ ಮುಖ ತಿರುಗಿಸುತ್ತಾಳೆ, ದೂರ ಹೋದರೆ ನಗುತ್ತಾಳೆ ಎಂದು ಶ್ರಾವಣಿ ಕಲಿತುಕೊಂಡಳು.

ಈಗ ಅವ್ವ ಬೇಕು ಅನಿಸಿದಾಗಲೆಲ್ಲ ಅವಳು ಹಿಂದಕ್ಕೆ ನಡೆಯುತ್ತಾಳೆ. ಅಂಗಳ ದಾಟಿ, ಓಣಿ ದಾಟಿ, ಲಾರಿಗಳು ಹಾಯುವ ರಸ್ತೆಯ ಆಚೆ ಹೋಗಿ ನಿಂತು, ಕೈ ಬೀಸಿ ಕೇಳುತ್ತಾಳೆ.

“ಅವ್ವಾ, ಈಗ ಕಾಣಾಕತ್ತೀನೇನ?”