ಕಲ್ಲಿದ್ದಲ ಗಾಡಿಗೊಂದು ಬೊಟ್ಟು

“ಅಜ್ಜಿ, ಮುಟ್ಬೇಡ!”

ಇಂಚರಾ ಕೂಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಗಣಿ ಮ್ಯೂಸಿಯಮ್ಮಿನ ನಡುವೆ ನಿಂತಿದ್ದ ಹಳೇ ಕಬ್ಬಿಣದ ಗಾಡಿಗೆ ಚಿನ್ನಮ್ಮಜ್ಜಿ ಕುಂಕುಮದ ಬೊಟ್ಟು ಇಟ್ಟಾಗಿತ್ತು. ಪಕ್ಕದಲ್ಲೇ ‘ಮುಟ್ಟಬಾರದು’ ಅಂತ ಇಷ್ಟು ದೊಡ್ಡ ಬೋರ್ಡು! ಅಜ್ಜಿ ಆ ಬೋರ್ಡಿನ ಮೇಲೇ ಕೈ ಊರಿಕೊಂಡು ಗಾಡಿಗೊಂದು ಸೇವಂತಿಗೆ ಹೂವನ್ನೂ ಸಿಕ್ಕಿಸಿದರು.

“ಸುಮ್ಕಿರವ್ವ. ಇವತ್ತು ಆಯುಧ ಪೂಜೆ. ಪಾಪ, ಎಷ್ಟು ವರ್ಷ ಕಲ್ಲಿದ್ದಲು ಹೊತ್ತೈತೋ! ಒಂದು ಬೊಟ್ಟು ಬ್ಯಾಡ್ವಾ ಅದಕ್ಕೆ?”

ಮಂಡ್ಯದಿಂದ ಆಸ್ಟ್ರೇಲಿಯಾದ ಮಗನ ಮನೆಗೆ ಬಂದ ಅಜ್ಜಿಗೆ ಟಾರ್ನೀಟ್‌ನಲ್ಲಿ ಇದು ಮೊದಲ ಹಬ್ಬ. ಬೆಳಿಗ್ಗೆಯೇ ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಮಿಕ್ಸಿಗೆ ಹೂವು, ಅಪ್ಪನ ಲ್ಯಾಪ್‌ಟಾಪ್‌ಗೆ ಬೊಟ್ಟು ಎಲ್ಲ ಆಗಿತ್ತು. ಇಂಚರಾ ಮಾತ್ರ ತನ್ನ ಐಪ್ಯಾಡನ್ನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದಳು. ಸ್ಕೂಲಲ್ಲಿ ಯಾರಾದರೂ ‘ಇದೇನು ರೆಡ್ ಡಾಟ್?’ ಅಂತ ಕೇಳಿದರೆ? ಬೇಡಪ್ಪ ಬೇಡ.

ಈಗ ನೋಡಿದರೆ ಇದು! ರಜೆಯ ಪ್ರಾಜೆಕ್ಟಿಗೆಂದು ಎರಡು ಗಂಟೆ ಡ್ರೈವ್ ಮಾಡಿ ಈ ಗಣಿಯ ಊರಿಗೆ ಬಂದಿದ್ದರು. ಅಪ್ಪ ಆಚೆ ಸುರಂಗದ ಟಿಕೆಟ್‌ಗೆ ಕ್ಯೂನಲ್ಲಿದ್ದರು. ಒಳಗೆ ಹೋಗುವ ಮೊದಲೇ ಮ್ಯೂಸಿಯಮ್ಮಿನವರು ‘ಮನೆಗೆ ನಡೀರಿ’ ಅಂದುಬಿಟ್ಟರೆ? ಇಂಚರಾ ವೆಟ್ ಟಿಶ್ಯೂ ತೆಗೆದು ಗಸಗಸ ಉಜ್ಜಿದಳು. ಕುಂಕುಮ ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು.

“ಸ್ಟಾಪ್! ನೀರು ಸೋಕಿಸಬೇಡ, ತುಕ್ಕು ಹಿಡಿಯುತ್ತೆ!”

ಹಳದಿ ಹೆಲ್ಮೆಟ್ ಹಾಕಿದ್ದ ಗೈಡ್ ತಾತ ಓಡಿ ಬಂದರು. ಇಂಚರಾ ಟಿಶ್ಯೂವನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ‘ನಾನಲ್ಲ’ ಅನ್ನೋಣವೇ? ಆದರೆ ಅಜ್ಜಿ ಏನೂ ಗೊತ್ತಾಗದೆ ತಾತನಿಗೆ ಕೈಮುಗಿದು ನಗುತ್ತಿದ್ದರು.

“ಸಾರಿ,” ಎಂದಳು ಇಂಚರಾ ಇಂಗ್ಲಿಷಿನಲ್ಲಿ. “ನಮ್ಮಜ್ಜಿ ಇಟ್ಟಿದ್ದು. ಇವತ್ತು ನಮ್ಮ ಹಬ್ಬ. ದುಡಿಯೋ ಸಾಮಾನಿಗೆಲ್ಲ ಥ್ಯಾಂಕ್ಸ್ ಹೇಳ್ತೀವಿ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಇದನ್ನು ಅವಳು ಯಾರಿಗೂ ಹೇಳಿರಲೇ ಇಲ್ಲ.

ತಾತ ಗಾಡಿಯ ಅಂಚನ್ನು ಸವರಿದರು. “ನಮ್ಮಪ್ಪ ಇದನ್ನ ಹದಿನೆಂಟು ವರ್ಷ ತಳ್ಳಿದ್ರು. ಗಣಿ ಮುಚ್ಚಿದಾಗ ಗುಜರಿಗೆ ಹಾಕೋಣ ಅಂದೋರೂ ಇದ್ರು. ಊರೋರು ಕಟ್ಟೋ ಕೌನ್ಸಿಲ್ ರೇಟ್ಸ್‌ನಿಂದ ಉಳೀತು. ರೇಟ್ಸ್ ಜಾಸ್ತಿಯಾಯ್ತು ಅಂತ ಎಲ್ರೂ ಗೊಣಗ್ತಾರೆ. ಗಾಡಿಗೆ ಥ್ಯಾಂಕ್ಸ್ ಹೇಳಿದ್ದು ನಿಮ್ಮಜ್ಜಿಯೇ ಮೊದಲು.”

“ಏನಂತವ್ವ?” ಅಜ್ಜಿ ಕೇಳಿದರು.

“ಇಲ್ಲಿಯವರು ಮನೆಗೆ ಟ್ಯಾಕ್ಸ್ ಕಟ್ತಾರಲ್ಲ, ಆ ದುಡ್ಡಲ್ಲಿ ಗಾಡಿ ನೋಡ್ಕೊಳ್ತಾರಂತೆ.”

“ಓ, ಕಂದಾಯ! ಒಳ್ಳೇ ಜನ ಬಿಡು.”

ತಾತ ಜೇಬಿನಿಂದ ಮೆತ್ತನೆಯ ಬ್ರಷ್ ತೆಗೆದು ಇಂಚರಾಳ ಕೈಗಿತ್ತರು. “ಬಣ್ಣ ಇರೋ ಹಾಗಿಲ್ಲ, ರೂಲ್ಸು. ಒಣಗಿದ ಮೇಲೆ ನೀನೇ ಮೆಲ್ಲಗೆ ತೆಗಿ. ಹೂವು ಸಂಜೆ ಬಾಗಿಲು ಹಾಕೋವರೆಗೂ ಇರ್ಲಿ. ಆಮೇಲೆ ಸುರಂಗಕ್ಕೆ ಬನ್ನಿ.”

ಅಬ್ಬ! ಇಂಚರಾ ಕುಂಕುಮ ಒಣಗುವವರೆಗೆ ಕಾದು, ಮೆಲ್ಲಗೆ ಬ್ರಷ್ ಆಡಿಸಿದಳು.

ಸುರಂಗ ನೋಡಿ ಕಾರು ಹತ್ತಿದ ಮೇಲೆ ಅವಳು ಬ್ಯಾಗಿನ ತಳದಿಂದ ಐಪ್ಯಾಡ್ ತೆಗೆದಳು. ಪ್ರಾಜೆಕ್ಟಿನ ಮೊದಲ ಪುಟಕ್ಕೆ, ಅಪ್ಪನ ಫೋನಿನಲ್ಲಿ ತೆಗೆದಿದ್ದ, ಹೂವು ಮುಡಿದ ಗಾಡಿಯ ಫೋಟೋ ಹಾಕಿದಳು. ಆಮೇಲೆ ಐಪ್ಯಾಡನ್ನು ಮಗುಚಿ ಅಜ್ಜಿಯ ಮುಂದೆ ಹಿಡಿದಳು.

“ಕುಂಕುಮ ಇನ್ನೂ ಇದ್ಯಾ, ಅಜ್ಜಿ? ಚಿಕ್ಕದಾಗಿ ಇಡು.”

ಅಜ್ಜಿ ದೊಡ್ಡದಾಗಿಯೇ ಇಟ್ಟರು. ಇಂಚರಾ ಒರೆಸಲಿಲ್ಲ.