ಅಳಿಸದೆ ಬಿಟ್ಟ ಗೆರೆ

“ಎದ್ದೇಳೋಕೆ ಮುಂಚೆ ಅಳಿಸಿಬಿಡ್ಬೇಕು ಮಗಳೇ, ಮರೀಬೇಡ,” ಎಂದಳು ಲೇವಿಯಾ ಅಜ್ಜಿ, ಬೂದಿಯಲ್ಲಿ ಗೆರೆ ಎಳೆಯುತ್ತಿದ್ದ ಐಲ್ಸಾಳಿಗೆ. “ಅಳಿಸದೆ ಬಿಟ್ಟ ಗೆರೆ ಬರೆದೋರನ್ನ ಹುಡುಕ್ಕೊಂಡು ಬರುತ್ತೆ.”

ಜಗಲಿಯಲ್ಲಿ ಕೂತು ಪೈಪು ತುಂಬುತ್ತಿದ್ದ ಫರ್ಗಸ್ ನಕ್ಕುಬಿಟ್ಟ. “ನಡೆದು ಬರುತ್ತೋ, ದೋಣೀಲಿ ಬರುತ್ತೋ? ಕಾಲು ಮೂಡಿದ್ರೆ ಹೇಳಜ್ಜಿ, ಒಂದು ಜೊತೆ ಚಪ್ಪಲಿ ಕೊಡಿಸ್ತೀನಿ.”

ಅಜ್ಜಿ ನಗಲಿಲ್ಲ. ಅವಳು ಐಲ್ಸಾಳನ್ನು ಮಗಳೆಂದು ಕರೆದ ದಿನವೇ ಐಲ್ಸಾಳ ಗಂಡ ಫರ್ಗಸ್ ಅವಳಿಗೆ ಅಳಿಯನಾಗಿದ್ದ. ನಮ್ಮ ಕಡೆ ಅತ್ತೆಯ ಎದುರು ಅಳಿಯ ತಮಾಷೆ ಮಾಡುವುದಿಲ್ಲ. ಹೊಸಬ, ಗೊತ್ತಿಲ್ಲ ಎಂದು ಅವಳು ಮನ್ನಿಸಿ ಬಿಟ್ಟಳು. ಗೊತ್ತಿಲ್ಲದಿರುವುದು ತಪ್ಪೇನಲ್ಲ. ಗೊತ್ತಿಲ್ಲದ್ದನ್ನು ಕಂಡು ನಗುವುದಿದೆಯಲ್ಲ, ಅದನ್ನು ನಮ್ಮ ಬೆಂಕಿಬೆಟ್ಟ ಯಾವತ್ತೂ ಕ್ಷಮಿಸಿದ್ದಿಲ್ಲ.

ಗಂಡ ಹೆಂಡತಿ ದೂರದ ಹೋಬಾರ್ಟ್ ನಗರದಿಂದ ನಮ್ಮ ದ್ವೀಪಕ್ಕೆ ಬಂದವರು. ಫರ್ಗಸ್ ಅಲ್ಲಿನ ಒಂದು ಕಲಾಶಾಲೆಯಲ್ಲಿ ಅಚ್ಚುಚಿತ್ರ ಕಲಿಸಿ ನಿವೃತ್ತನಾದವನು. ಮರದ ಹಲಗೆಯಲ್ಲಿ ಚಿತ್ರ ಕೊರೆದು, ಮಸಿ ಬಳಿದು, ಕಾಗದಕ್ಕೆ ಒತ್ತುವ ಕೆಲಸ. ಐಲ್ಸಾ ಹಕ್ಕಿಗಳನ್ನು ಬರೆಯುತ್ತಿದ್ದಳು. ಬಲಗೈ ನಡುಗಲು ಶುರುವಾದ ಮೇಲೆ ಕುಂಚ ಕೆಳಗಿಟ್ಟಳು. ಕುಂಚದ ಜೊತೆಗೆ ಮಾತನ್ನೂ ಕೆಳಗಿಟ್ಟಳು, ನಗುವನ್ನೂ. ಬೇರೆ ಕಡೆ ಹೋಗಿ ಮೊದಲಿನಿಂದ ಶುರು ಮಾಡೋಣ ಎಂದು ಹೊರಡಿಸಿಕೊಂಡು ಬಂದವನು ಫರ್ಗಸನೇ. ಬೆಟ್ಟದ ಬುಡದಲ್ಲಿ ಬಿದಿರು ಗೋಡೆಯ ಮನೆ ಕಟ್ಟಿಸಿದ, ಪಕ್ಕದಲ್ಲೇ ಕೆಲಸದ ಕೋಣೆ. ರಾಜಧಾನಿ ವಿಲಾದಿಂದ ಹಡಗಿನಲ್ಲಿ ಅಚ್ಚಿನ ಯಂತ್ರ ಬಂತು. ಅದನ್ನು ದಡಕ್ಕೆ ಇಳಿಸಲು ಊರಿಗೆ ಊರೇ ಕೈಹಾಕಬೇಕಾಯಿತು. ಇಷ್ಟು ಭಾರದ ಹಂದಿ ತಂದಿದ್ದೀರಿ, ಕೊಯ್ಯುವುದು ಯಾವಾಗ ಎಂದು ನಾವು ಕೇಳಿದ್ದೆವು.

ಆದರೆ ಐಲ್ಸಾಳ ಕೈ ಇಲ್ಲೂ ನಡುಗಿತು. ಲೇವಿಯಾ ಅಜ್ಜಿ ಅದನ್ನು ನೋಡಿ, ಅಂಗಳದ ಕರಿಬೂದಿಯನ್ನು ಅಂಗೈಯಿಂದ ಸವರಿ ಹಸನು ಮಾಡಿ, ಇಲ್ಲಿ ಬೆರಳಿಡು ಎಂದಳು. ಬೆರಳೆತ್ತದೆ ಒಂದೇ ಗೆರೆಯಲ್ಲಿ ಚಿತ್ರ ಮುಗಿಸಿ, ಶುರುವಾದಲ್ಲಿಗೇ ಬಂದು ನಿಲ್ಲಿಸುವುದು ನಮ್ಮ ಪದ್ಧತಿ. ಕಲಿಸುತ್ತಾ ಅಜ್ಜಿ ಎಲ್ಲವನ್ನೂ ಹೇಳಿದಳು. ಸತ್ತವರು ಬೆಟ್ಟದ ಬಾಯಿಗೆ ಹೋಗುತ್ತಾರೆ. ಆ ಬಾಗಿಲಲ್ಲೊಬ್ಬ ಮುದುಕಿ ಕೂತಿದ್ದಾಳೆ. ಬಂದವರ ಗೆರೆಯನ್ನು ಅವರ ಮುಂದಿಟ್ಟು, ಅರ್ಧ ಅಳಿಸಿ, ತುಂಬು ಎನ್ನುತ್ತಾಳೆ. ತುಂಬಿದವರಿಗೆ ದಾರಿ ಬಿಡುತ್ತಾಳೆ. ಬದುಕಿರುವವರು ತಮ್ಮ ಗೆರೆಯನ್ನು ಅಳಿಸಿ ಕೈಯೊಳಗೆ ಇಟ್ಟುಕೊಳ್ಳಬೇಕು. ಅಳಿಸದೆ ಬಿಟ್ಟರೆ ಅದು ಮುಂಚೆಯೇ ಆ ಬಾಗಿಲು ಸೇರುತ್ತದೆ; ಗೆರೆ ಬಂದಾಯಿತು, ಬರೆದವಳೆಲ್ಲಿ ಎಂದು ಮುದುಕಿ ಕರೆಯತೊಡಗುತ್ತಾಳೆ. ನಮ್ಮ ಮಾಟಗಾರರು ಕೂದಲು ಉಗುರು ಕೇಳುವುದಿಲ್ಲ. ಅಳಿಸದ ಗೆರೆಯೊಂದು ಸಿಕ್ಕರೆ ಅದರ ಮೇಲೆ ಮಡಕೆ ಬೋರಲು ಹಾಕಿ ಕಾಯುತ್ತಾರೆ, ಅಷ್ಟೆ.

ಐಲ್ಸಾ ತನಗೆ ಹಕ್ಕಿಯೇ ಬೇಕೆಂದಳು. ದಿನಾ ಬರೆದಳು, ದಿನಾ ಅಳಿಸಿದಳು. ಒಂದು ಸಂಜೆ ಬೂದಿಯಲ್ಲಿ ಬೆರಳಿಟ್ಟ ಕೂಡಲೇ ನಡುಕ ನಿಂತುಹೋಯಿತು. ಜೋಡಿ ಹಕ್ಕಿ, ಒಂದೇ ಗೆರೆ, ಎಲ್ಲೂ ತಡವರಿಕೆಯಿಲ್ಲ.

“ಎಡಗಡೇದು ನಾನು,” ಎಂದಳು. “ಬಲಗಡೆ ಸೊಟ್ಟ ಕೊಕ್ಕಿಂದು ನೀನು.”

ಎಷ್ಟೋ ವರ್ಷದ ಮೇಲೆ ಅವಳು ನಕ್ಕಿದ್ದಳು. ಫರ್ಗಸ್ ಆ ಗೆರೆಯನ್ನೇ ನೋಡಿದ. ನಾಳೆ ಮತ್ತೆ ಕೈ ನಡುಗಿದರೆ? ಇಂಥದ್ದು ಇನ್ನೊಮ್ಮೆ ಬಾರದಿದ್ದರೆ? ಅವಳ ಕಾಲು ಜೋಮು ಹಿಡಿದಿತ್ತು. ಅಳಿಸಲು ಬಾಗಿದವಳ ತೋಳು ಹಿಡಿದು ಅವನೇ ಎಬ್ಬಿಸಿದ. ನೀನು ಹೋಗಿ ಕೈ ತೊಳಿ, ನಾನು ಅಳಿಸುತ್ತೇನೆ ಎಂದ. ಅವಳು ಒಳಗೆ ಹೋದದ್ದೇ ತಡ, ಬಿಳಿ ಪ್ಲಾಸ್ಟರ್ ಕಲಸಿ ಗೆರೆಯ ಮೇಲೆ ಸುರಿದು ಅಚ್ಚು ತೆಗೆದ. ಚಾಪೆಯಲ್ಲಿ ಸುತ್ತಿ ಕೆಲಸದ ಕೋಣೆಯ ಮೂಲೆಯಲ್ಲಿಟ್ಟ.

“ಅಳಿಸಿದ್ಯಾ?” ಎಂದು ಅವಳು ಒಳಗಿನಿಂದ ಕೇಳಿದಳು.

“ಅಳಿಸ್ದೆ,” ಎಂದ.

ಮಾಟಗಾರ ದ್ವೇಷದಿಂದ ಮಾಡುವುದನ್ನು ಈ ಮನುಷ್ಯ ಪ್ರೀತಿಯಿಂದ ಮಾಡಿದ.

ಮಾರನೆಯ ದಿನ ಊಟಕ್ಕೆ ಕೂತಾಗ ಐಲ್ಸಾಳ ಬೆರಳು ಮೇಜಿನ ಮೇಲೆ ತಾನಾಗಿಯೇ ಓಡತೊಡಗಿತು. ಸರ್ರ್, ಸರ್ರ್. ಅದೇ ತಿರುವು, ಅದೇ ಬಳುಕು. ನಿದ್ದೆಯಲ್ಲೂ ಹೊದಿಕೆಯ ಮೇಲೆ ಉಗುರು ಗೀರುತ್ತಿತ್ತು. ತೊಳೆದು ಒಣಗಿಸಿದ ಹಾಸಿಗೆಯಲ್ಲಿ ಬೂದಿ, ತಟ್ಟೆಯ ಗೆಣಸಿನಲ್ಲಿ ಬೂದಿ. ಅವಳ ಉಸಿರಿಗೆ ಗಂಧಕದ ನಾತ ಹತ್ತಿತು. ನರದ ಕಾಯಿಲೆ ಹೆಚ್ಚಾಗಿದೆ, ಆಸ್ಪತ್ರೆಗೆ ಒಯ್ಯಬೇಕು ಎಂದ ಫರ್ಗಸ್. ಬೆಟ್ಟ ಬೂದಿ ಕಾರುತ್ತಿದ್ದುದರಿಂದ ಹಡಗು ಬರಲಿಲ್ಲ. ಲೇವಿಯಾ ಅಜ್ಜಿ ಬಂದು ಐಲ್ಸಾಳ ಮುಖ ನೋಡಿ, ಅಳಿಸಿದಿರಾ ಎಂದು ಕೇಳಿದಳು. ಐಲ್ಸಾ ಗಂಡನ ಕಡೆ ನೋಡಿದಳು. ಅವನು ಅಳಿಸಿದ್ದಾನಲ್ಲ ಎಂದು ಪೂರ್ತಿ ನಂಬಿಕೆಯಿಂದ ಹೇಳಿದಳು. ಅವನು ಹೌದೆಂದು ತಲೆಯಾಡಿಸಿದ.

“ಯಾರೋ ಕರೀತಾರೆ ಫರ್ಗಸ್,” ಎಂದಳು ಒಂದು ಸಂಜೆ. “ಹಲ್ಲಿಲ್ಲದ ಬಾಯಿ. ನನ್ನ ಹೆಸರು ಸರಿಯಾಗಿ ಹೇಳೋಕೆ ಬರಲ್ಲ ಅವಳಿಗೆ.”

ಆಗ ಅವನಿಗೆ ಹೆದರಿಕೆಯಾಯಿತು. ಕೆಲಸದ ಕೋಣೆಗೆ ಹೋಗಿ ಚಾಪೆ ಬಿಚ್ಚಿದ. ಅಚ್ಚು ಬೆಚ್ಚಗಿತ್ತು. ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆಯಷ್ಟು ಬೆಚ್ಚಗೆ. ಸುತ್ತಿಗೆ ಎತ್ತಿದ. ಕೆಳಗೆ ಜೋಡಿ ಹಕ್ಕಿ. ಅವಳ ಬದುಕಿನಲ್ಲೇ ಅಷ್ಟು ಚೆನ್ನಾದ ಗೆರೆ ಬಂದಿರಲಿಲ್ಲ. ಸುತ್ತಿಗೆ ಇಳಿಸಿದ. ನಾಳೆ ನೋಡೋಣ ಎಂದುಕೊಂಡ. ಮನೆಯೊಳಗಿನ ಸರ್ರ್ ಸದ್ದು ನಿಂತಿರುವುದು ಆಮೇಲೆ ಅವನ ಗಮನಕ್ಕೆ ಬಂತು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು.

ಐಲ್ಸಾಳನ್ನು ಮಣ್ಣು ಮಾಡಿದ ಮೇಲೆ ಫರ್ಗಸ್ ತಾನೇ ಅಚ್ಚನ್ನು ತಂದು ಲೇವಿಯಾ ಅಜ್ಜಿಯ ಮುಂದಿಟ್ಟ. ಬೈಯಲಿ, ಹೊಡೆಯಲಿ ಎಂದು ನಿಂತ. ಅಜ್ಜಿ ಉಬ್ಬಿನಿಂತ ಗೆರೆಯ ಮೇಲೆ ಬೆರಳಾಡಿಸಿ ತಟ್ಟನೆ ನಿಲ್ಲಿಸಿದಳು.

“ಸೊಟ್ಟ ಕೊಕ್ಕು ಎಡಗಡೆ ಐತಲ್ಲ.”

“ಅಚ್ಚಲ್ವಾ ಅಜ್ಜಿ. ಎಡ ಇದ್ದಿದ್ದು ಬಲ ಆಗುತ್ತೆ.” ಕಲಾಶಾಲೆಯಲ್ಲಿ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು.

ಅಜ್ಜಿ ಅಲ್ಲೇ ಕುಸಿದು ಕೂತಳು. “ಬಾಗಿಲಲ್ಲಿ ನಿಂತಿರೋದು ಈ ತಿರುಗಿದ ಗೆರೆ. ಅವಳ ಬೆರಳಿಗೆ ಗೊತ್ತಿರೋದು ನೆಟ್ಟಗಿನ ಗೆರೆ. ಹೆಂಗಪ್ಪಾ ಸೇರಿಸ್ತಾಳೆ ನನ್ನ ಮಗಳು?”

ಅವತ್ತು ಹೊತ್ತು ಮುಳುಗುವಾಗ ಫರ್ಗಸನ ಅಂಗಳದಲ್ಲಿ ಸದ್ದಾಯಿತು. ಸರ್ರ್. ಬೂದಿಯ ಮೇಲೆ ಅರ್ಧ ಚಿತ್ರ ಮೂಡಿತ್ತು, ಸೊಟ್ಟ ಕೊಕ್ಕಿನ ಹಕ್ಕಿ, ಎಡಗಡೆ. ಅದರ ತುದಿಯಿಂದ ಕಾಣದ ಬೆರಳೊಂದು ಹೊರಟಿತು. ಸ್ವಲ್ಪ ದೂರ ಬಂದು ತಡವರಿಸಿತು. ಸಿಕ್ಕಾಯಿತು. ನಿಂತಿತು. ಮತ್ತೆ ಮೊದಲಿನಿಂದ ಹೊರಟಿತು. ಕತ್ತಲಾಗುವ ತನಕ ಅದೇ.

ತಿರುಗಿಸಿ ಬರೆಯುವ ಕೈ ಈ ದ್ವೀಪದಲ್ಲಿ ಒಂದೇ ಒಂದಿತ್ತು. ಜೀವಮಾನವೆಲ್ಲ ಹಲಗೆಯ ಮೇಲೆ ಎಡವನ್ನು ಬಲ ಮಾಡಿ ಕೊರೆದವನಿಗೆ ಉಳಿದರ್ಧ ಕಷ್ಟವೇ? ಅಜ್ಜಿ ಹೇಳಿದಳು, ಸೇರಿಸಿ ಅಳಿಸಿಬಿಡು, ಹೋಗಲಿ ಅವಳು. ಫರ್ಗಸ್ ಕೇಳಲಿಲ್ಲ. ಸೇರಿಸಿದರೆ ಹೋಗಿಬಿಡುತ್ತಾಳೆ. ಸೇರಿಸದಿದ್ದರೆ ಸಂಜೆ ಸಂಜೆ ಬರುತ್ತಾಳೆ. ಅವನು ಜಗಲಿಯಲ್ಲಿ ಎರಡು ಲೋಟ ಚಹಾ ಇಟ್ಟುಕೊಂಡು ಕಾಯತೊಡಗಿದ. ಮಾತಾಡಿಸಿದ. ಹಳೆಯ ಜಗಳಗಳನ್ನು ನೆನಪಿಸಿದ. ಅವನನ್ನು ಬೈಯಲು ಹೋದವರೂ ಆ ಎರಡನೆಯ ಲೋಟ ನೋಡಿ ವಾಪಸು ಬಂದರು.

ಆದರೆ ಗೆರೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಮೊದಲು ಬೆರಳಿನ ಅಗಲ. ಆಮೇಲೆ ಕಡ್ಡಿಯಷ್ಟು. ಒಂದು ಸಂಜೆ ಸದ್ದೇ ಬೇರೆಯಾಯಿತು. ಸರ್ರ್ ಅಲ್ಲ. ಕರ್, ಕರ್. ಫರ್ಗಸ್ ಲಾಟೀನು ಹಿಡಿದು ಬಾಗಿದ. ಗೆರೆಯೊಳಗೆ ತೇವ. ಕರಿಬೂದಿಯಲ್ಲಿ ಕೆಂಪು. ಗೀರುತ್ತಿದ್ದುದು ಬೆರಳಲ್ಲ. ಮೂಳೆ.

ಲಾಟೀನು ಕೆಳಗಿಟ್ಟ.

ಮಂಡಿಯೂರಿದ. ಬೆಟ್ಟ ಗುಡುಗಿತು. ಗಂಧಕ ಮೂಗಿಗೆ ಅಡರಿತು. ಅವಳ ಗೆರೆ ನಿಂತಲ್ಲಿ ಬೆರಳಿಟ್ಟ. ತಣ್ಣಗಿನದೊಂದು ಅವನ ಬೆರಳಿಗೆ ಅಂಟಿತು. ನಡುಗುತ್ತಿತ್ತು. ಎಳೆದ. ರೆಕ್ಕೆ. ಎಡ ಅಲ್ಲ, ಬಲ. ಕತ್ತು. ಎತ್ತಬಾರದು. ಬೆರಳೆತ್ತಬಾರದು. ಎದುರಿಗೆ ಯಾರೋ ಕೂತಿದ್ದರು. ಹಲ್ಲಿಲ್ಲದ ಬಾಯಿಯ ಉಸಿರು ಅವನ ಹಣೆಗೆ ತಾಗಿತು. ತಲೆಯೆತ್ತಲಿಲ್ಲ. ಬಾಲ. ತಿರುವು. ಶುರುವಾದಲ್ಲಿಗೆ ಬಂತು. ಸೇರಿತು.

“ಅಳಿಸಿದ್ಯಾ?”

ಕಿವಿಯ ಪಕ್ಕದಲ್ಲೇ ಐಲ್ಸಾಳ ದನಿ. ಇನ್ನೂ ಅದೇ ನಂಬಿಕೆ. ಅವನ ಮುಂದೆ ಜೋಡಿ ಹಕ್ಕಿ ಮುಗಿದು ನಿಂತಿತ್ತು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಅವಳು ಅಲ್ಲೇ ಉಳಿಯುತ್ತಿದ್ದಳು. ಫರ್ಗಸ್ ಅತ್ತ. ಅಳುತ್ತಲೇ ಅಂಗೈ ಇಟ್ಟು ಬೂದಿಯನ್ನು ಈ ತುದಿಯಿಂದ ಆ ತುದಿಗೆ ಸವರಿಬಿಟ್ಟ.

“ಅಳಿಸ್ದೆ,” ಎಂದ.

ಬೆಳಗಾಗಿ ನೋಡಿದರೆ ಪ್ಲಾಸ್ಟರಿನ ಮೇಲೆ ಒಂದೂ ಗೆರೆಯಿರಲಿಲ್ಲ, ನುಣ್ಣಗಿನ ಬಿಳಿ ಹಲಗೆ. ಅವನ ಬಲಗೈ ಅಂದಿನಿಂದ ನಡುಗುತ್ತದೆ, ಥೇಟ್ ಅವಳ ಕೈಯಂತೆ. ಸಂಜೆಯಾದರೆ ಇವತ್ತಿಗೂ ಎರಡು ಲೋಟ ಚಹಾ ಸುರಿಯುತ್ತಾನೆ, ಅರ್ಧ ಹೊರಗೇ ಚೆಲ್ಲುತ್ತದೆ. ಅಂಗಳದ ಕಡೆಗೆ ಕಿವಿಗೊಟ್ಟು ಕೂರುತ್ತಾನೆ. ಅಲ್ಲಿ ಏನೂ ಕೇಳಿಸುವುದಿಲ್ಲ.