ಅರ್ಧ ವಿಳಾಸ

ಸಂಜೆ ಐದಕ್ಕೆ ಫೋನಿನ ಲೈನ್ ಕಟ್ ಮಾಡುತ್ತಾರೆ ಎಂದು ಹೇಳಿ ಯಜಮಾನರು ಮನೆಗೆ ಹೋಗಿಬಿಟ್ಟಿದ್ದರು. ಫೋನ್ ಮಾಡಿದರೆ ಸಾಕು, ನಿಮ್ಮವರ ಮನೆಗೆ ಹೂವು, ಉಡುಗೊರೆ ತಲುಪಿಸುತ್ತೇವೆ ಎಂಬ ಅವರ ಹೊಸ ವ್ಯಾಪಾರ ಎರಡೇ ವರ್ಷಕ್ಕೆ ನೆಲಕಚ್ಚಿತ್ತು. ಫೋನೆತ್ತುವ ಕೆಲಸದವಳು ಖಾಲಿ ಬಕೆಟ್ಟುಗಳ ನಡುವೆ ಒಬ್ಬಳೇ ಕೂತಿದ್ದಳು. ನಾಳೆ ರೂಮು ಬಿಟ್ಟು ಅಕ್ಕನ ಮನೆ ಸೇರಬೇಕು.

ವ್ಯಾಪಾರ ಮುಳುಗಿದ್ದಕ್ಕೆ ಎಲ್ಲರೂ ದೂರಿದ್ದು ಸ್ಕೂಟರಿನವನನ್ನು. ಗಿರಾಕಿಗಳು ಬೀದಿ ಹೇಳಿ ಮನೆ ನಂಬರ್ ಮರೆಯುತ್ತಿದ್ದರು. ಈ ಪುಣ್ಯಾತ್ಮ ವಾಪಸ್ ಬರುವ ಬದಲು ಬೀದಿಯುದ್ದಕ್ಕೂ ಒಂದೊಂದೇ ಬಾಗಿಲು ತಟ್ಟುತ್ತಿದ್ದ. ತಲುಪುವಷ್ಟರಲ್ಲಿ ಹೂವು ಬಾಡಿರುತ್ತಿತ್ತು. "ಗುಲಾಬಿ ಕಳಿಸಿದ್ದೀರೋ, ಒಣಹುಲ್ಲೋ?" ಎಂಬ ಬೈಗುಳವೆಲ್ಲ ಅವಳ ಕಿವಿಗೆ. ಆದರೂ ಅವನ ಮೇಲೆ ಸಿಟ್ಟು ಬಂದಿರಲಿಲ್ಲ. ಪ್ರೀತಿಯೇ ಬಂದಿತ್ತು, ಹೇಳಲು ಬಾಯಿ ಬಂದಿರಲಿಲ್ಲ. ಇವತ್ತು ಮಧ್ಯಾಹ್ನ ಅವನೂ ಸ್ಕೂಟರಿನ ಕೀಲಿ ಮೇಜಿನ ಮೇಲಿಟ್ಟು, ಏನೋ ಹೇಳಹೊರಟು, ಬರೀ ಕೆಮ್ಮಿ ಹೊರಟುಹೋಗಿದ್ದ.

ಫೋನ್ ಬಡಿದುಕೊಂಡಿತು.

"ಒಂದು ಆರ್ಡರ್ ಇತ್ತು, ಮೇಡಂ." ಬಾಯಿಗೆ ಕರ್ಚೀಫು ಹಿಡಿದ ದಪ್ಪ ದನಿ. ನಡುವೆ ಅದೇ ಕೆಮ್ಮು.

ಯಾರೆಂದು ಗೊತ್ತಾದರೂ ಅವಳು ಆರ್ಡರ್ ಪುಸ್ತಕ ಎಳೆದುಕೊಂಡಳು. "ಹೇಳಿ ಸಾರ್, ಏನು ಕಳಿಸ್ಬೇಕು?"

"ಗುಲಾಬಿ. ಜೊತೆಗೊಂದು ಕಾರ್ಡು. 'ನೀನಿಲ್ಲದೆ ನನಗೆ ಆಗಲ್ಲ' ಅಂತ ಬರೀರಿ."

ಬರೆದುಕೊಂಡಿದ್ದನ್ನು ಗಿರಾಕಿಗೆ ಓದಿ ಹೇಳಬೇಕು, ಅದು ಅಂಗಡಿಯ ನಿಯಮ. ಕಂಡಕಂಡವರ ಪ್ರೇಮವನ್ನೆಲ್ಲ ಗಿಳಿಯಂತೆ ಒಪ್ಪಿಸಿದ್ದವಳು ಈಗ ಪೆನ್ನು ಕೆಳಗಿಟ್ಟು, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು.

"ನೀನಿಲ್ಲದೆ ನನಗೆ ಆಗಲ್ಲ," ಎಂದಳು. "ಸರಿನಾ?"

ಆ ಕಡೆ ಕರ್ಚೀಫು ಜಾರಿತು. "ಸರಿ," ಎಂದಿತು ಅವನದೇ ದನಿ.

"ಹೂವು ಖಾಲಿ ಸಾರ್. ತಲುಪಿಸೋರೂ ಹೊರಟ್ಹೋದ್ರು, ಒಂದ್ ಮಾತೂ ಆಡದೆ."

"ದಡ್ಡ ಅವನು. ನಾನೇ ತಲುಪಿಸ್ತೀನಿ. ಆದ್ರೆ ನಾಳೆಯಿಂದ ಅವರು ಎಲ್ಲಿರ್ತಾರೋ ಗೊತ್ತಿಲ್ಲ. ಅಡ್ರೆಸ್ ನೀವೇ ಹೇಳ್ಬೇಕು."

ಅವಳು ಗಡಿಯಾರ ನೋಡಿದಳು, ಐದಾಗುತ್ತಾ ಬಂದಿತ್ತು. "ಅಕ್ಕನ ಮನೇಲಿ. ನೀರಿನ ಟ್ಯಾಂಕಿನ ಹಿಂದಿನ ಬೀದಿ. ಮನೆ ನಂಬರ್..."

ಲೈನ್ ಸತ್ತಿತು. ಹಲೋ ಹಲೋ ಎಂದು ಕೂಗಿದಳು. ಆಮೇಲೆ ಆ ಬೀದಿಯ ಉದ್ದ ನೆನೆದು, ರಿಸೀವರ್ ಹಿಡಿದುಕೊಂಡೇ ಅತ್ತಳು.

ಮರುದಿನ ಅಕ್ಕನ ಮನೆಯಲ್ಲಿ ಪೆಟ್ಟಿಗೆಯನ್ನೂ ಬಿಚ್ಚದೆ ಬಾಗಿಲ ಪಕ್ಕ ಕೂತಳು. ಮಧ್ಯಾಹ್ನ ಕಳೆಯಿತು. ಬಿಸಿಲೂ ಇಳಿಯಿತು.

"ಯಾರಿಗೇ ಕಾಯ್ತಿದ್ದೀಯ?" ಅಕ್ಕ ಗದರಿದಳು.

ಬೀದಿಯ ಆ ತುದಿಯಲ್ಲಿ ಯಾರೋ ಬಾಗಿಲು ತಟ್ಟಿದ ಸದ್ದು. "ಇಲ್ಲಿ ಅಂಥೋರು ಯಾರೂ ಇಲ್ಲ," ಎಂದು ಒಂದು ಹೆಂಗಸಿನ ದನಿ. ಸ್ವಲ್ಪ ಹೊತ್ತಿಗೆ ಅದರ ಪಕ್ಕದ ಬಾಗಿಲು. ನಡುವೆ ಒಂದು ಕೆಮ್ಮು.

ಅವಳು ಕಣ್ಣೊರೆಸಿಕೊಂಡು ಎದ್ದಳು.

"ಅಕ್ಕಾ, ಒಂದ್ ಲೋಟ ನೀರು ಇಟ್ಟಿರು. ಹೂವು ಬಾಡಿರುತ್ತೆ."